ತವರಿನ ಹೊಲದ ಪಾಲು: ಮಾತುಕತೆಯೋ, ದಾವೆಯೋ?

ಸಿಂಧನೂರಿನ ಅಕ್ಕ, ತವರಿನ ಹೊಲದಲ್ಲಿ ಪಾಲು ಪಡೆಯಲು ಅಣ್ಣನ ಜೊತೆ ಮಾತಾಡಲೋ, ಕೋರ್ಟಿನಲ್ಲಿ ದಾವೆ ಹೂಡಲೋ ಎಂದು ಕೇಳಿದ್ದೀರಿ. ಹೊಲ ಪಿತ್ರಾರ್ಜಿತವಾದರೆ ಹಕ್ಕಿನ ಬಗ್ಗೆ ಅನುಮಾನ ಬೇಡ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಮಗಳಿಗೂ ಮಗನಷ್ಟೇ ಪಾಲು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಅಷ್ಟೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿ ಪಾಲಾಗಿದ್ದರೆ ಕಷ್ಟ.

ಖರ್ಚು ನೋಡಿದರೆ ಮಾತುಕತೆಯೇ ಅಗ್ಗ. ಹಾಗಂತ ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಮಯ? ದಾವೆ ವರ್ಷಗಟ್ಟಲೆ ಎಳೆಯಬಹುದು.

ಅಣ್ಣ ಮಾತು ಕೇಳುವವನಾದರೆ ಕೂತು ಮಾತಾಡಿ, ಆದರೆ ವಿಭಾಗ ಪತ್ರ ನೋಂದಣಿ ಮಾಡಿಸಿ. ಅವನು ಹೊಲಕ್ಕೆ ಗಿರಾಕಿ ಹುಡುಕುತ್ತಿದ್ದರೆ ದಾವೆ ಹೂಡಿ, ತಡೆಯಾಜ್ಞೆ ಕೇಳಿ. ಸೀರೆ ಉಡಿಸಿ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಉಂಟಲ್ವಾ? ಪಾಲು ಬಿಟ್ಟುಕೊಟ್ಟೆ ಎನ್ನುವ ಹಕ್ಕು ಬಿಡುಗಡೆ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ.