ಸಣ್ಣ ಪ್ರೈವೇಟ್ ಯೂನಿವರ್ಸಿಟಿ: ತಮ್ಮನ ಫೀಸ್ ಕಟ್ಟಿದ ಅಕ್ಕನ ರಿವ್ಯೂ (5ಕ್ಕೆ 3)

ಯೂನಿವರ್ಸಿಟಿ ಹೆಸರು ಹಾಕಲ್ಲ, ತಮ್ಮ ಇನ್ನೂ ಅಲ್ಲೇ ಓದ್ತಿದಾನೆ. ಬೆಂಗಳೂರಿಂದ ಹೊರಗಡೆ, ಸಣ್ಣ ಕ್ಯಾಂಪಸ್ಸು. 2023ರ ಸಿಇಟಿಲಿ ಅವನ ರ್‍ಯಾಂಕ್ ಅಷ್ಟು ಚೆನ್ನಾಗಿ ಬರ್ಲಿಲ್ಲ, ಆದ್ರೂ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗೇ ಬೇಕು ಅಂತ ಹಠ, ಹಂಗಾಗಿ ಯೂನಿವರ್ಸಿಟಿ ಕೋಟಾದಲ್ಲಿ, ಅಂದ್ರೆ ಯೂನಿವರ್ಸಿಟಿನೇ ತುಂಬ್ಕೊಳ್ಳೋ ಸೀಟಲ್ಲಿ ಸೇರಿಸಿದ್ವಿ. ದುಡ್ಡು ಅರ್ಧ ನನ್ನ ಸಂಬಳದ್ದು, ಇನ್ನರ್ಧ ಅಪ್ಪ ತಿಪಟೂರಲ್ಲಿ ಕೊಬ್ಬರಿ ಮಾರಿ ತಂದಿದ್ದು. ನಾನು ಅಕೌಂಟ್ಸ್ ಕೆಲಸ ಮಾಡೋಳು, ಒಂದೊಂದು ರಸೀದಿನೂ ಇಟ್ಕೊಂಡಿದೀನಿ, ಅದಕ್ಕೇ ಫೀಸಿಂದಲೇ ಶುರು ಮಾಡ್ತೀನಿ.

ಫೀ ಶೀಟಲ್ಲಿ ಟ್ಯೂಷನ್ ಫೀ ವರ್ಷಕ್ಕೆ 2,80,000 ಅಂತಿತ್ತು. ನಮ್ಮ ಮುಖ ನೋಡಿ ಕೌನ್ಸೆಲರ್ ತಕ್ಷಣ, ಪಿಯುಸಿ ಮಾರ್ಕ್ಸ್ ಮೇಲೆ 25 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡ್ತೀವಿ ಮೇಡಂ, ಇವತ್ತೇ 50,000 ಕಟ್ಟಿದ್ರೆ ಸೀಟು ಬ್ಲಾಕ್ ಮಾಡ್ತೀವಿ ಅಂದ್ರು. ಅಪ್ಪಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಅಲ್ಲೇ ಅಮ್ಮಂಗೆ ಫೋನ್ ಮಾಡಿ ಮಗನಿಗೆ ಸ್ಕಾಲರ್‌ಶಿಪ್ ಬಂತು ಅಂದ್ರು. ಮೊದಲ ವರ್ಷ 2,10,000 ಟ್ಯೂಷನ್ನು, ಮೇಲೆ 'ಇತರೆ' ಅಂತ 18,000. ಸರಿ, ಕಟ್ಟಿದ್ವಿ. ಆ ಸ್ಕಾಲರ್‌ಶಿಪ್ ಮುಂದಿನ ವರ್ಷಕ್ಕೂ ಇರಬೇಕು ಅಂದ್ರೆ ಸಿಜಿಪಿಎ (ಒಟ್ಟು ಗ್ರೇಡಿನ ಸರಾಸರಿ) 8.5 ಇರಬೇಕು, ಒಂದೂ ಬ್ಯಾಕ್‌ಲಾಗ್ (ಫೇಲಾಗಿ ಉಳಿದ ಪೇಪರ್) ಇರಬಾರದು ಅನ್ನೋ ಷರತ್ತು ಆಫರ್ ಲೆಟರ್ ಹಿಂದ್ಗಡೆ ಇತ್ತು, ಅದನ್ನ ಬಾಯಲ್ಲಿ ಯಾರೂ ಹೇಳ್ಲಿಲ್ಲ. ತಮ್ಮಂದು 8.1 ಬಂತು, ಊರ ಕಾಲೇಜಿಂದ ಬಂದ ಹುಡುಗ ಮೊದಲ ವರ್ಷ ಅಷ್ಟು ತಗೊಂಡಿದ್ದೇ ನನಗೆ ಹೆಮ್ಮೆ, ಆದ್ರೆ ಸ್ಕಾಲರ್‌ಶಿಪ್ ಹೋಯ್ತು. ಎರಡನೇ ವರ್ಷ ಪೂರ್ತಿ 2,80,000, 'ಇತರೆ' 31,000 ಆಗಿತ್ತು. ಒಂದೇ ವರ್ಷಕ್ಕೆ 83,000 ಜಾಸ್ತಿ, ತಿಂಗಳಿಗೆ ಏಳು ಸಾವಿರದ ಹತ್ರ. ಹಾಸ್ಟೆಲ್ ಇದರಲ್ಲಿ ಸೇರಿಲ್ಲ. ಆ ವರ್ಷ ನಾನು ಪಿಜಿ ಬದಲಾಯಿಸಿ ಶೇರಿಂಗ್ ರೂಮಿಗೆ ಹೋದೆ.

ನಮ್ಮ ಸುತ್ತಮುತ್ತ ಫೀಸ್ ಕಮ್ಮಿ ಇದ್ರೆ ಕಾಲೇಜೇ ಸರಿಯಿಲ್ಲ ಅಂತಾರೆ, ಹಂಗಾಗಿ ಇವರು ಶೀಟಲ್ಲಿ ದೊಡ್ಡ ನಂಬರ್ ಹಾಕಿ ಬಂದೋರಿಗೆಲ್ಲ ಒಂದಿಷ್ಟು ಇಳಿಸ್ತಾರೆ ಅಂತ ನನಗೆ ಅನ್ಸಿದೆ. ತಮ್ಮನ ಬೆಂಚಲ್ಲಿ ಮೂರು ಹುಡುಗರು, ಮೂರು ಜನಕ್ಕೂ ಮೂರು ರೇಟು. ಅದರಲ್ಲಿ ಒಬ್ಬ ಸಿಇಟಿ ಸೀಟಲ್ಲಿ ಬಂದೋನು, ನಾವು ಕಟ್ಟಿದ್ದರ ಅರ್ಧಕ್ಕಿಂತ ಕಮ್ಮಿ ಕಟ್ಟಿದಾನೆ. ಪಾಠ ಅದೇ, ಲ್ಯಾಬ್ ಅದೇ, ಡಿಗ್ರಿ ಅದೇ. ಕರ್ನಾಟಕದಲ್ಲಿ ಪ್ರೈವೇಟ್ ಯೂನಿವರ್ಸಿಟಿ ಒಂದೊಂದಕ್ಕೂ ಬೇರೆ ಬೇರೆ ಕಾಯ್ದೆ ಇದೆ, ಅದರ ಪ್ರಕಾರ 40 ಪರ್ಸೆಂಟ್ ಸೀಟು ರಾಜ್ಯದ ಮಕ್ಕಳಿಗೆ, ಸಿಇಟಿ ಮೂಲಕ. ಇದು ನಮಗೆ ಆವಾಗ ಗೊತ್ತೇ ಇರ್ಲಿಲ್ಲ, ಪ್ರೈವೇಟ್ ಅಂದ್ರೆ ಎಲ್ಲಾ ಮ್ಯಾನೇಜ್‌ಮೆಂಟ್ ಸೀಟೇ ಅನ್ಕೊಂಡಿದ್ವಿ, ಸಿಇಟಿ ಸೀಟು ಹಂಚೋ ಕೆಇಎಗೆ ಬೇಕಾದ ಕಾಲೇಜುಗಳನ್ನ ಕ್ರಮವಾಗಿ ಕೊಡೋ ಆಪ್ಷನ್ ಎಂಟ್ರಿಲಿ ಒಂದು ಪ್ರೈವೇಟ್ ಯೂನಿವರ್ಸಿಟಿನೂ ಹಾಕ್ಲಿಲ್ಲ. ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಇನ್ನು ಅಡ್ಮಿಷನ್ನು. ಕಂಪ್ಯೂಟರ್ ಸೈನ್ಸ್, ಎಐ, ಡೇಟಾ ಸೈನ್ಸ್ ಅಂತ ಸೆಕ್ಷನ್ ಮೇಲೆ ಸೆಕ್ಷನ್, ತುಂಬಿ ತುಳುಕತ್ತೆ. ಸಿವಿಲ್ ಕ್ಲಾಸಲ್ಲಿ 14 ಜನ. ಸಣ್ಣ ಯೂನಿವರ್ಸಿಟಿ ನಡೆಯೋದೇ ಮಕ್ಕಳ ಫೀಸಿಂದ, ಒಂದು ವರ್ಷ ಅಡ್ಮಿಷನ್ ಬಿದ್ರೆ ಆ ಬ್ಯಾಚು ಮುಗಿಯೋ ತನಕ ನಾಲ್ಕು ವರ್ಷ ಆ ಖಾಲಿ ಸೀಟಿನ ಲೆಕ್ಕ ಎಳೀತಾನೇ ಇರತ್ತೆ, ಎರಡನೇ ವರ್ಷ ಡಿಪ್ಲೊಮಾ ಹುಡುಗರು ಬಂದು ಸ್ವಲ್ಪ ತುಂಬ್ತಾರೆ ಅಷ್ಟೆ. ಅದರ ಬಿಸಿ ತಟ್ಟೋದು ಕ್ಲಾಸಿಗೆ. ತಮ್ಮ ಮೂರನೇ ವರ್ಷ ತಗೋಬೇಕು ಅನ್ಕೊಂಡಿದ್ದ ಇಲೆಕ್ಟಿವ್‌ಗೆ (ಆಯ್ಕೆ ವಿಷಯಕ್ಕೆ) ಒಂಬತ್ತೇ ಜನ ಅಂತ ಅದನ್ನೇ ತೆಗೆದ್ರು. ಸೆಮಿಸ್ಟರ್ ಮಧ್ಯದಲ್ಲಿ ಇಬ್ಬರು ಲೆಕ್ಚರರ್ಸ್ ಬಿಟ್ಟು ಹೋದ್ರು, ಮೂರು ವಾರ ಪಾಠನೇ ಇಲ್ಲ.

ಒಳ್ಳೇದನ್ನೂ ಹೇಳ್ಬೇಕು, ಇಲ್ದಿದ್ರೆ ಅನ್ಯಾಯ. ಉಳ್ಕೊಂಡಿರೋ ಮೇಷ್ಟ್ರುಗಳಿಗೆ ಹುಡುಗರ ಹೆಸರು, ಊರು, ಮನೆ ಕಷ್ಟ ಎಲ್ಲಾ ಗೊತ್ತು. ಡೆಂಗ್ಯೂ ಬಂದು ತಮ್ಮ ಎರಡು ವಾರ ಹಾಸ್ಟೆಲಲ್ಲಿ ಮಲಗಿದ್ದಾಗ ಅವನ ಮೆಂಟರ್ ಮೇಡಂ ದಿನಾ ಅಮ್ಮಂಗೆ ಫೋನ್ ಮಾಡಿದ್ರು, ಆಮೇಲೆ ತಪ್ಪಿದ ಲ್ಯಾಬ್‌ಗಳನ್ನ ಶನಿವಾರ ಕೂತು ಮಾಡಿಸಿದ್ರು. ನಾನು ಓದಿದ ದೊಡ್ಡ ಕಾಲೇಜಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ. ಆ ಮೇಡಂಗೋಸ್ಕರನೇ ಮೂರು ಸ್ಟಾರ್ ಕೊಟ್ಟಿರೋದು.

ಹೆಸರಿನ ವಿಷಯಕ್ಕೆ ಬಂದ್ರೆ, ಊರಲ್ಲಿ ಎಲ್ಲರೂ ಕೇಳೋದು ಒಂದೇ, 'ವಿಟಿಯುನಾ?' ಅಂತ, ಅಂದ್ರೆ ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು ಸೇರಿರೋ ಸರ್ಕಾರಿ ಯೂನಿವರ್ಸಿಟಿದಾ ಅಂತ. ಅಲ್ಲ, ಪ್ರೈವೇಟ್ ಯೂನಿವರ್ಸಿಟಿ ಡಿಗ್ರಿನ ತಾನೇ ಕೊಡತ್ತೆ, ಸಿಲೆಬಸ್ಸೂ ಪರೀಕ್ಷೆನೂ ತನ್ನದೇ, ಅದು ಕಾನೂನುಬದ್ಧವೇ. ಹೋರ್ಡಿಂಗಲ್ಲಿ ಹಾಕೋ ಗ್ರೇಡು, ಹೈಯೆಸ್ಟ್ ಪ್ಯಾಕೇಜು ನೋಡಿ ಮರುಳಾಗ್ಬೇಡಿ. 2025ರ ಫೆಬ್ರವರಿಲಿ ಆ ಗ್ರೇಡು ಕೊಡೋ ನ್ಯಾಕ್ ಸಂಸ್ಥೆಯ ಇನ್‌ಸ್ಪೆಕ್ಷನ್ ತಂಡದವರನ್ನೇ ಲಂಚದ ಕೇಸಲ್ಲಿ ಸಿಬಿಐ ಅರೆಸ್ಟ್ ಮಾಡಿದ್ದು ಪೇಪರಲ್ಲಿ ಬಂದಿತ್ತಲ್ಲ. ಅದರ ಬದಲು ಯೂನಿವರ್ಸಿಟಿ ವೆಬ್‌ಸೈಟಲ್ಲಿ ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ್‍ಯಾಂಕಿಂಗ್‌ಗೆ) ಕೊಟ್ಟಿರೋ ಡೇಟಾ ಪಿಡಿಎಫ್ ಹುಡುಕಿ. ಮಂಜೂರಾದ ಸೀಟು, ಸೇರಿದೋರು, ಟೈಮಿಗೆ ಪಾಸಾದೋರು, ಕೆಲಸ ಸಿಕ್ಕಿದೋರು, ಮೀಡಿಯನ್ ಸಂಬಳ (ಎಲ್ಲರದ್ದೂ ಸಾಲಾಗಿ ಜೋಡಿಸಿದ್ರೆ ಮಧ್ಯಕ್ಕೆ ಬರೋದು) ಎಲ್ಲಾ ಇರತ್ತೆ. ನಾನು ನೋಡಿದ್ದು ಎರಡು ವರ್ಷ ಆದ್ಮೇಲೆ, ಕೌನ್ಸೆಲರ್ ಹೇಳಿದ ಪ್ಯಾಕೇಜಿಗೂ ಆ ಮೀಡಿಯನ್‌ಗೂ ಅಜಗಜಾಂತರ.

ಇನ್ನೊಂದು, ರಿಫಂಡು. 2024ರಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಇಲ್ಲೇ ಸೇರಿದ್ಲು, ಆಮೇಲೆ ಸಿಇಟಿ ಎರಡನೇ ರೌಂಡಲ್ಲಿ ಒಳ್ಳೆ ಸೀಟು ಬಂತು. ಕಟ್ಟಿದ ದುಡ್ಡು ವಾಪಸ್ ಇಲ್ಲ ಅಂದ್ರು ಆಫೀಸಲ್ಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಟ್ಕೊಂಡಿದ್ರು. ಒರಿಜಿನಲ್ ಇಟ್ಕೊಳ್ಳೋ ಹಂಗಿಲ್ಲ ಅಂತ ದೇಶದ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ 2018ರಲ್ಲೇ ಹೇಳಿದೆ, 2024-25ಕ್ಕೆ ಅಂತೂ ಸೆಪ್ಟೆಂಬರ್ 30ರ ಒಳಗೆ ಬಿಟ್ರೆ ಪೂರ್ತಿ ಫೀಸ್ ವಾಪಸ್, ಅಕ್ಟೋಬರ್ 31ರ ತನಕ ಬಿಟ್ರೆ ಜಾಸ್ತಿ ಅಂದ್ರೆ 1,000 ಹಿಡ್ಕೋಬಹುದು ಅಂತಿತ್ತು. ನಾನೇ ಕೂತು ಆ ಸುತ್ತೋಲೆ ಹಾಕಿ ಮೇಲ್ ಬರೆದೆ, ಯುಜಿಸಿಯ ಇ-ಸಮಾಧಾನ್ ಪೋರ್ಟಲಲ್ಲೂ ದೂರು ಹಾಕಿಸಿದೆ. ಸುಮಾರು ಒಂದೂವರೆ ತಿಂಗಳಿಗೆ ದುಡ್ಡು ಬಂತು. ನೀವು ಸೇರೋ ವರ್ಷದ ಸುತ್ತೋಲೆ ನೋಡ್ಕೊಳ್ಳಿ, ದುಡ್ಡು ಕಟ್ಟೋ ಮುಂಚೆ.

ಈಗ ಚಿಕ್ಕಪ್ಪನ ಮಗಳು ಸಿಇಟಿಗೆ ಓದ್ತಿದಾಳೆ, ಅಕ್ಕ ಆಪ್ಷನ್ ಎಂಟ್ರಿಲಿ ಈ ಯೂನಿವರ್ಸಿಟಿನ ಹಾಕ್ಲಾ ಅಂತ ಕೇಳಿದ್ಲು. ಹಾಕು ಅಂದೆ, ಸರ್ಕಾರಿ ಕೋಟಾದಲ್ಲಿ (ಆ 40 ಪರ್ಸೆಂಟ್ ಸಿಇಟಿ ಸೀಟಲ್ಲಿ) ಮಾತ್ರ, ಅದೂ ಪಟ್ಟಿಲಿ ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಕೆಳಗೆ. ಯೂನಿವರ್ಸಿಟಿಯವರು ಫೋನ್ ಮಾಡಿ ಸ್ಕಾಲರ್‌ಶಿಪ್ ಅಂದ್ರೆ ನಾಲ್ಕೂ ವರ್ಷದ ಫೀಸನ್ನ ಲೆಟರ್‌ಹೆಡ್ ಮೇಲೆ ಬರೆಸಿ ನನಗೆ ವಾಟ್ಸಾಪ್ ಮಾಡು, ಆಮೇಲೆ ಮಾತಾಡೋಣ ಅಂತ ಹೇಳಿದೀನಿ.