ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ರ‍್ಯಾಮ್ ಮತ್ತು ಮಾನಿಟರ್

ಕನ್ನಡ ಪುಸ್ತಕಗಳ ಪುಟವಿನ್ಯಾಸಕ್ಕೆಂದು ಮನೆಯಲ್ಲೇ ಜೋಡಿಸುತ್ತಿದ್ದ ಕಂಪ್ಯೂಟರಿಗೆ ರ‍್ಯಾಮ್ (ಮೆಮೊರಿ) ಮತ್ತು ಮಾನಿಟರ್ ಮಾತ್ರ ಬಾಕಿಯಿದ್ದುದರಿಂದ, ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಲೋಕಲ್ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದೆ. ಅಲ್ಲಿಂದ ಮುಂಬಯಿಯ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ನಡೆದೇ ಹೋಗಬಹುದು.

ನನ್ನ ಪ್ರೊಸೆಸರ್ ರೈಜನ್ 5 5600ಜಿ, ಅದು ಕೂರುವ ಮದರ್‌ಬೋರ್ಡು ಎಎಂ4 ಸಾಕೆಟ್ಟಿನದು. ಇದಕ್ಕೆ ಡಿಡಿಆರ್4 ಪೀಳಿಗೆಯ ಮೆಮೊರಿ ಮಾತ್ರ ಹೊಂದುತ್ತದೆ. ಆದರೂ ಮೊದಲ ಅಂಗಡಿಯವರು ಡಿಡಿಆರ್5 ಹೊಸದೆಂದೂ ಎಲ್ಲದಕ್ಕೂ ನಡೆಯುತ್ತದೆಂದೂ ಒತ್ತಾಯಿಸಿದರು. ಎರಡಕ್ಕೂ 288 ಪಿನ್ನುಗಳಿರುವುದು ನಿಜವಾದರೂ ನಡುವಿನ ಕಚ್ಚಿನ ಜಾಗ ಬೇರೆಯಾದ್ದರಿಂದ ಅದು ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಎರಡನೆಯ ಅಂಗಡಿಯವರು ಬೋರ್ಡಿನ ಕಂಪನಿ ಪ್ರಕಟಿಸಿರುವ ಮೆಮೊರಿ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು, ಪಾರ್ಟ್ ನಂಬರನ್ನು ತಾಳೆ ನೋಡಿದ ಮೇಲೆಯೇ 3200 ವೇಗದ 8 ಜಿಬಿಯ ಎರಡು ಕಡ್ಡಿಗಳನ್ನು ಕೊಟ್ಟರು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನಂಥವರಿಗೆ 16ರ ಒಂದೇ ಕಡ್ಡಿಗಿಂತ ಜೋಡಿಯೇ ಲೇಸು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ, ಜೋಡಿಯಿದ್ದರೆ ಮಾಹಿತಿಗೆ ಒಂದರ ಬದಲು ಎರಡು ದಾರಿ ಸಿಕ್ಕಿ ಅದರ ಕೆಲಸ ಚುರುಕಾಗುತ್ತದೆ. ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದಾಗ ವೇಗ 2400 ಎಂದಷ್ಟೇ ತೋರಿಸಿತು. ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ, ಮೆಮೊರಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ 3200 ಬಂತು.

ಮಾನಿಟರಿನ ಮಟ್ಟಿಗೆ ಅವರ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಅವರು ತೋರಿಸಿದ 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 82 ಪಿಕ್ಸೆಲ್, ಅದೇ ರೆಸಲ್ಯೂಷನ್ನಿನ 24 ಇಂಚಿನದರಲ್ಲಿ ಸುಮಾರು 92. ಇಂಗ್ಲಿಷ್ ಓದುವವರಿಗೆ ಈ ಅಂತರ ಅಷ್ಟಾಗಿ ತಿಳಿಯದೇನೋ. ಕನ್ನಡದ ಕರಡು ತಿದ್ದುವವರಿಗೆ ಮಾತ್ರ ಒತ್ತಕ್ಷರದಲ್ಲೇ ಎಲ್ಲವೂ ಬಯಲಾಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಪುಟವನ್ನು ಎರಡರಲ್ಲೂ ತೆರೆಸಿ ನೋಡಿದಾಗ, ದೊಡ್ಡ ಪರದೆಯಲ್ಲಿ ‘ಶಾಸ್ತ್ರ’, ‘ಲಕ್ಷ್ಮಿ’ ಮುಂತಾದ ಪದಗಳ ಕೆಳಗಿನ ಒತ್ತುಗಳು ಕಲಸಿಹೋದಂತೆ ಕಂಡವು. ಇಂಚಿಗೆ ಸುಮಾರು 109 ಪಿಕ್ಸೆಲ್ ಇರುವ, ಇನ್ನೂ ಹೆಚ್ಚು ರೆಸಲ್ಯೂಷನ್ನಿನ 27 ಇಂಚಿನ ಕ್ಯೂಎಚ್‌ಡಿ ನನ್ನ ಬಜೆಟ್ಟಿಗೆ ಮೀರಿದ್ದರಿಂದ 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ) ಪರದೆಯನ್ನೇ ಕೊಂಡೆ. ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿ, ಕಪ್ಪು ಬಿಳುಪು ಪರದೆಗಳನ್ನು ತೋರಿಸಿ, ಸತ್ತ ಪಿಕ್ಸೆಲ್ ಇಲ್ಲವೆಂದು ಖಾತರಿಪಡಿಸಿದರು. ಬಿಲ್ಲಿನಲ್ಲಿ ರ‍್ಯಾಮಿನ ಸೀರಿಯಲ್ ನಂಬರ್ ಬರೆಯಲು ಮಾತ್ರ ಎರಡು ಸಲ ಕೇಳಬೇಕಾಯಿತು.

ಮಾನಿಟರಿನ ಸ್ಟ್ಯಾಂಡು ಹಿಂದೆ ಮುಂದೆ ಬಾಗುತ್ತದೆಯೇ ಹೊರತು ಮೇಲಕ್ಕೇಳುವುದಿಲ್ಲ. ಸದ್ಯಕ್ಕೆ ನಿಘಂಟಿನ ಒಂದು ಸಂಪುಟವನ್ನು ಅದರ ಅಡಿಗಿಟ್ಟಿದ್ದೇನೆ. ಪದವೊಂದನ್ನು ನೋಡಬೇಕಾದಾಗಲೆಲ್ಲ ಮಾನಿಟರನ್ನೇ ಎತ್ತಬೇಕಾಗಿದೆ.