ಹೊಸತನ ಇಳಿದ ಮೇಲೂ ಮಕ್ಕಳು ತೆರೆಯುವ ವೆಬ್‌ಸೈಟುಗಳು: ಬೀದರಿನ ಶಾಲಾ ಲೈಬ್ರರಿಯಿಂದ ಒಂದು ವಿಮರ್ಶೆ

ಮಕ್ಕಳಿಗೆ ಒಳ್ಳೆಯ ವೆಬ್‌ಸೈಟ್ ಹೇಳಿ ಅಂತ ಕೇಳಿದರೆ ಎಲ್ಲರ ಹತ್ತಿರವೂ ಉದ್ದದ ಪಟ್ಟಿ ಇರುತ್ತದೆ. ನನ್ನ ಹತ್ತಿರವೂ ಇತ್ತು. ಬೀದರಿನ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುವವಳು ನಾನು. ನೋಟಿಸ್ ಬೋರ್ಡಿಗೆ ಅಂಟಿಸಿದ ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಗಿಡ್ಡ ಆಗುತ್ತಾ ಬಂದಿದೆ. ಯಾವ ಸೈಟಾದರೂ ಮೊದಲ ವಾರ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಜೂನ್ ತಿಂಗಳಲ್ಲಿ ಮುಗಿಬಿದ್ದು ನೋಡಿದ್ದನ್ನು ಸಂಕ್ರಾಂತಿ ಹೊತ್ತಿಗೂ ಯಾರೂ ಹೇಳದೆ ತೆರೆಯುತ್ತಾರಾ ಅನ್ನೋದು ನನ್ನ ಅಳತೆ. ಆ ಅಳತೆಗೆ ನಿಂತವುಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ನಮ್ಮ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರುಗಳು ಹಳೆಯವು, ಒಂದೊಂದರ ಮುಂದೆ ನಾಲ್ಕೈದು ಮಕ್ಕಳು ಕೂರುತ್ತಾರೆ. ಮಧ್ಯಾಹ್ನ ಕರೆಂಟ್ ಹೋಗುವುದು ಹೊಸದಲ್ಲ. ನೆಟ್ ಕೈಕೊಟ್ಟರೆ ನನ್ನ ಫೋನಿನ ಹಾಟ್‌ಸ್ಪಾಟೇ ಗತಿ. ಹಾಗಾಗಿ ಲಾಗಿನ್ ಕೇಳದೆ ಓದಲು ಬಿಡುವ, ಇಳಿಸಿಟ್ಟುಕೊಳ್ಳಲು ಬರುವ ಸೈಟಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ದೊಡ್ಡ ಊರಿನ ಶಾಲೆಯವರಿಗೆ ಇದು ಅಷ್ಟು ಮುಖ್ಯ ಅನಿಸದೇ ಇರಬಹುದು.

ಮೊದಲ ಜಾಗ ಸ್ಟೋರಿವೀವರ್‌ಗೆ. ಇದು ಪ್ರಥಮ್ ಬುಕ್ಸ್ ಸಂಸ್ಥೆಯದು, 2015ರಲ್ಲಿ ಶುರುವಾಯಿತು. ಚಿತ್ರಕಥೆಗಳು ನಾಲ್ಕು ಹಂತದಲ್ಲಿವೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ನಾಲ್ಕನೆಯದು ಸರಾಗವಾಗಿ ಓದುವವರಿಗೆ. ಓದಲು ಹೆಸರು ನೋಂದಾಯಿಸಬೇಕಾಗಿಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಇಷ್ಟೇ ಆಗಿದ್ದರೆ ಇಂಥ ಸೈಟುಗಳು ಬೇರೆಯೂ ಇವೆ ಅನ್ನಬಹುದಿತ್ತು. ಬೀದರಿನಲ್ಲಿ ಇದು ಗೆದ್ದಿದ್ದು ಭಾಷೆಯಿಂದ.

ನಮ್ಮ ಜಿಲ್ಲೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ ಆಡುವ ಮಗು, ಮರಾಠಿ ಆಡುವ ಮಗು, ದಖನಿ ಉರ್ದು ಆಡುವ ಮಗು, ತೆಲುಗಿನ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು ಎಲ್ಲರೂ ಕೂತಿರುತ್ತಾರೆ. ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಮರಾಠಿ, ಉರ್ದು, ತೆಲುಗಿನಲ್ಲೂ ಇವೆ. ಚಿತ್ರ ಅದೇ, ಪುಟ ಅದೇ, ಅಕ್ಷರ ಮಾತ್ರ ಬೇರೆ. ಕನ್ನಡ ಓದಲು ತಡವರಿಸುತ್ತಿದ್ದ ಔರಾದ್ ಕಡೆಯ ಒಬ್ಬ ಹುಡುಗಿಗೆ ಮೊದಲು ಮರಾಠಿಯಲ್ಲಿ ಓದಲು ಕೊಟ್ಟೆ. "ಮೇಡಮ್ರಿ, ಇದು ನಮ್ಮ ಮನ್ಯಾಗಿನ ಮಾತೇ ಅದರಿ" ಅಂದಳು. ಆಮೇಲೆ ಅದೇ ಕಥೆಯನ್ನು ಕನ್ನಡದಲ್ಲಿ ತೆರೆದುಕೊಟ್ಟೆ. ಕಥೆ ಮೊದಲೇ ಗೊತ್ತಿತ್ತಲ್ಲ, ಅಕ್ಷರದ ಭಯ ಅರ್ಧ ಹೋಯಿತು. ಈಗ ಇದು ನಮ್ಮಲ್ಲಿ ರೂಢಿಯೇ ಆಗಿದೆ. ಉರ್ದು ಪುಸ್ತಕ ತೆರೆದಾಗ ಬಲದಿಂದ ಎಡಕ್ಕೆ ಓದುವುದು ಹೇಗೆ ಅಂತ ಉರ್ದು ಬಲ್ಲ ಮಕ್ಕಳು ಉಳಿದವರಿಗೆ ತೋರಿಸಿಕೊಡುತ್ತಾರೆ. ತರಗತಿಯಲ್ಲಿ ಬಾಯಿ ಬಿಡದವರು ಇಲ್ಲಿ ಮೇಷ್ಟ್ರಾಗುತ್ತಾರೆ.

ಇನ್ನೊಂದು ಲಾಭ ಪರವಾನಗಿಯದು. ಇಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಪ್ರಿಂಟ್ ತೆಗೆದು ಹಂಚಬಹುದು, ಅನುವಾದವನ್ನೂ ಮಾಡಬಹುದು. ಡೌನ್‌ಲೋಡ್‌ಗೆ ಮಾತ್ರ ಖಾತೆ ಬೇಕು, ಅದನ್ನು ಶಾಲೆಯ ಹೆಸರಲ್ಲಿ ನಾನೇ ತೆರೆದಿದ್ದೇನೆ. ಮಕ್ಕಳು ಪಿಡಿಎಫ್ ಪ್ರಿಂಟ್ ಮಡಿಸಿ, ಸ್ಟೇಪ್ಲರ್ ಹೊಡೆದು, ಹಳೆ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಟ್ಟು ಮಾಡಿ ಪುಸ್ತಕ ಕಟ್ಟುತ್ತಾರೆ. ಕಪಾಟಿನಲ್ಲಿ ಆ ಪುಸ್ತಕಗಳದ್ದೇ ಒಂದು ಸಾಲಿದೆ. ದುಡ್ಡು ಕೊಟ್ಟು ತಂದ ಪುಸ್ತಕಕ್ಕಿಂತ ಅವೇ ಬೇಗ ಹರಿಯುತ್ತವೆ, ಅಂದರೆ ಅಷ್ಟು ಕೈ ಬದಲಾಗುತ್ತವೆ.

ಕೊರತೆ ಇಲ್ಲವೇ? ಇದೆ. ಯಾರು ಬೇಕಾದರೂ ಅನುವಾದ ಮಾಡಬಹುದಾದ್ದರಿಂದ ಎಲ್ಲ ಕಥೆಗಳ ಕನ್ನಡ ಒಂದೇ ಮಟ್ಟದಲ್ಲಿಲ್ಲ. ಕೆಲವು ಓದಲು ಬೆಣ್ಣೆ, ಕೆಲವು ಎಡವುತ್ತವೆ. ಹಾಗಾಗಿ ಸುಮ್ನೆ "ಹೋಗಿ ಓದಿ" ಅಂತ ಬಿಡುವುದಿಲ್ಲ. ಮೊದಲು ನಾನು ಓದಿ, ಚೆನ್ನಾಗಿರುವುದರ ಹೆಸರನ್ನು ಬೋರ್ಡಿನಲ್ಲಿ ಬರೆಯುತ್ತೇನೆ. ಎಡವುವ ಅನುವಾದವನ್ನು ದೊಡ್ಡ ತರಗತಿಯವರಿಗೆ ಕೊಟ್ಟು "ಇದನ್ನು ನಮ್ಮ ಕಡೆ ಹೇಗೆ ಹೇಳ್ತಾರೆ, ಸರಿಯಾಗಿ ಬರೀರಿ" ಅಂದರೆ ಒಂದು ಪಿರಿಯಡ್ ಕಳೆದದ್ದೇ ಗೊತ್ತಾಗುವುದಿಲ್ಲ. ಐದಕ್ಕೆ ನಾಲ್ಕೂವರೆ.

ಎರಡನೆಯದು ವಚನ ಸಂಚಯ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ವಚನ ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಬಾಯಿಪಾಠ ಅನ್ನುವುದೇ ತೊಂದರೆ, ನೋಡಿ. ಪಠ್ಯದಲ್ಲಿರುವ ನಾಲ್ಕಾರು ಬಿಟ್ಟರೆ ಬೇರೆ ಗೊತ್ತಿರುವುದಿಲ್ಲ. ಈ ಸೈಟಿನಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ, ವಚನಕಾರರ ಹೆಸರಿನಿಂದಲೂ ಹುಡುಕಬಹುದು, ಒಂದು ಪದ ಹಾಕಿಯೂ ಹುಡುಕಬಹುದು. ನಮ್ಮಲ್ಲಿ ಇದು ಆಟ. ಒಬ್ಬರು ಕಾಗೆ, ಮಡಕೆ, ಹಗ್ಗ, ಹೀಗೆ ಏನಾದರೂ ಪದ ಹೇಳಬೇಕು. ಉಳಿದವರು ಅದು ಬರುವ ವಚನ ಹುಡುಕಿ ಗಟ್ಟಿಯಾಗಿ ಓದಬೇಕು, ಯಾರದ್ದು ಅಂತ ಹೇಳಬಾರದು. ಕೇಳುವವರು ಅಂಕಿತನಾಮ ಹಿಡಿದು ಹೇಳಬೇಕು. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕಮಹಾದೇವಿ. ಇದು ಎಲ್ಲರಿಗೂ ಬರುತ್ತದೆ. ಪಠ್ಯದಲ್ಲಿ ಕಾಣದ ಶರಣರ ಅಂಕಿತ ಬಂದಾಗ ನಿಜವಾದ ಪೈಪೋಟಿ ಶುರು. ಟೀಚರುಗಳೂ ಸೋಲುತ್ತಾರೆ, ಮಕ್ಕಳಿಗೆ ಅದಕ್ಕಿಂತ ಖುಷಿ ಬೇರೆ ಬೇಕಾ?

ಒಂದು ಕಿವಿಮಾತು: ವಚನಗಳ ಕನ್ನಡ ಹಳೆಯದು. ಇವತ್ತಿನ ಕ್ರಿಯಾಪದ ಹಾಕಿ ಹುಡುಕಿದರೆ ಬೇಕಾದದ್ದು ಸಿಗದೇ ಹೋಗಬಹುದು. ವಸ್ತುವಿನ ಹೆಸರು, ಪ್ರಾಣಿಯ ಹೆಸರು ಹಾಕುವುದೇ ಸುಲಭ.

ವಿಕಿಪೀಡಿಯ ಬಗ್ಗೆ ಶಾಲೆಗಳಲ್ಲಿ ಎರಡು ಪಂಗಡ ಇದೆ. ಮುಟ್ಟಲೇಬಾರದು ಅನ್ನುವವರು ಒಂದು ಕಡೆ, ಅಲ್ಲಿಂದಲೇ ಪ್ರಾಜೆಕ್ಟ್ ಇಡಿಯಾಗಿ ಎತ್ತಿ ಬರೆಯಿಸುವವರು ಇನ್ನೊಂದು ಕಡೆ. ನಾನು ಎರಡರಲ್ಲೂ ಇಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಇಂಗ್ಲಿಷಿಗೆ ಹೋಲಿಸಿದರೆ ಲೇಖನ ಕಡಿಮೆ, ಎಷ್ಟೋ ಕಡೆ ಎರಡು ಪ್ಯಾರಾಗೆ ಮುಗಿದುಹೋಗುತ್ತದೆ. ಆದರೂ ಪಟ್ಟಿಯಲ್ಲಿ ಇಟ್ಟಿದ್ದೇನೆ. ಲೇಖನದ ಕೆಳಗಿನ ಉಲ್ಲೇಖಗಳು, ಮೇಲಿರುವ "ಇತಿಹಾಸ" ಅನ್ನುವ ಟ್ಯಾಬ್, ಇವೆರಡನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಾವ ಸಾಲನ್ನು ಯಾವತ್ತು ಸೇರಿಸಿದರು, ಯಾವುದನ್ನು ಅಳಿಸಿದರು ಅಂತ ಅಲ್ಲಿ ಕಾಣುತ್ತದೆ. ಅಚ್ಚಾದ ಪುಸ್ತಕದಲ್ಲಿ ಇದು ಕಾಣುವುದಿಲ್ಲ.

ಬಿದ್ರಿ ಕಲೆಯ ಬಗ್ಗೆ ಎಂಟನೇ ತರಗತಿಯವರು ಓದುತ್ತಿದ್ದಾಗ ನಡೆದದ್ದು ಹೇಳಬೇಕು. ಗುಂಪಿನಲ್ಲಿ ಬಿದ್ರಿ ಕೆಲಸದ ಮನೆಯ ಹುಡುಗನಿದ್ದ. ಪರದೆಯ ಮೇಲಿದ್ದದ್ದನ್ನು ಓದಿ ಮುಗಿಸಿದ ಮೇಲೆ "ಇಷ್ಟೇ ಏನ್ರಿ?" ಅಂದ. ಹಾಗಾದರೆ ನೀನೇ ಹೇಳಪ್ಪ ಅಂದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುವುದು, ಅರ ಹಾಕಿ ನಯ ಮಾಡುವುದು, ಕೆತ್ತುವ ಗೆರೆ ಕಾಣಲಿ ಅಂತ ಮೈಲುತುತ್ತ ಸವರಿ ಮೇಲ್ಮೈ ಕಪ್ಪಾಗಿಸುವುದು, ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂಡಿಸುವುದು, ಕೊನೆಗೆ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಡುಗಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದು. ಎಲ್ಲವನ್ನೂ ಕೈಯಲ್ಲಿ ಮಾಡಿ ತೋರಿಸುತ್ತಾ ಹೇಳಿದ. ಇದನ್ನು ವಿಕಿಪೀಡಿಯಕ್ಕೆ ಸೇರಿಸೋಣ ಅಂದಾಗ ಇನ್ನೊಬ್ಬಳು ಕೇಳಿದಳು: "ಉಲ್ಲೇಖ ಏನಂತ ಬರೀಬೇಕ್ರಿ? ಇವರ ಅಬ್ಬಾಜಾನ್ ಅಂತನಾ?" ನಕ್ಕೆವು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಅಲ್ಲಿ ಏನೇ ಸೇರಿಸಬೇಕಾದರೂ ಪ್ರಕಟವಾದ ಮೂಲ ಬೇಕು. ಆಗ ಶುರುವಾಯಿತು ನಮ್ಮ ಲೈಬ್ರರಿಯ ಗೆಜೆಟಿಯರ್ ಹುಡುಕಾಟ. ಧೂಳು ಹೊಡೆದು ಅದನ್ನು ತೆಗೆಸಿದ್ದು ಒಂದು ವೆಬ್‌ಸೈಟ್ ಅನ್ನೋದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ.

ಫೆಟ್ ಬಗ್ಗೆ ವಿಜ್ಞಾನ ಟೀಚರ್ ಬರೆಯಬೇಕು, ನಾನು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು, ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪರದೆಯ ಮೇಲೇ ಮಾಡುವ ಪ್ರಯೋಗಗಳು, ಕೆಲವು ಕನ್ನಡದಲ್ಲೂ ಇವೆ. ನಮ್ಮಲ್ಲಿ ಎಲ್ಲರ ಮೆಚ್ಚಿನದು ವಿದ್ಯುತ್ ಮಂಡಲ ಕಟ್ಟುವುದು. ಬ್ಯಾಟರಿಯ ಎರಡು ತುದಿಯನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ಎಲ್ಲ ಮಕ್ಕಳೂ ಮೊದಲು ಬೆಂಕಿಯನ್ನೇ ಹಚ್ಚುತ್ತಾರೆ. ಬಲ್ಬ್ ಹೊತ್ತಿಸುವುದು ಆಮೇಲೆ. ಹಚ್ಚಲಿ ಬಿಡಿ, ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಮತ್ತೆ ಹೇಳಬೇಕಾಗಿಲ್ಲ.

ಅರವಿಂದ ಗುಪ್ತಾ ಅವರ ಆಟಿಕೆಗಳ ಸೈಟೂ ಇದೇ ಸಾಲಿನದು, ಆದರೆ ಪರದೆಯಿಂದ ಎಬ್ಬಿಸುವಂಥದ್ದು. ಬೆಂಕಿಕಡ್ಡಿಗೆ ಸೈಕಲ್ ವಾಲ್ ಟ್ಯೂಬಿನ ತುಂಡು ಸಿಕ್ಕಿಸಿ ತ್ರಿಕೋನ, ಚೌಕ ಮಾಡುವುದು ನೋಡಿ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಸಾಮಾನು ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ.

ಅಲರ್ ನಿಘಂಟು ನನ್ನ ಮೇಜಿನ ಕಂಪ್ಯೂಟರಿನಲ್ಲಿ ಸದಾ ತೆರೆದಿರುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಇದು, 2019ರಲ್ಲಿ ಎಲ್ಲರಿಗೂ ತೆರೆದರು. ಒಂದೂವರೆ ಲಕ್ಷ ಪದಗಳಿವೆ. ಜಾಹೀರಾತು ಇಲ್ಲ, ಬೇಗ ತೆರೆಯುತ್ತದೆ. ಕನ್ನಡ ಕೀಬೋರ್ಡ್ ಬರದ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಪದ ಟೈಪ್ ಮಾಡಬಹುದು. ಇದಕ್ಕೆ ಐದಕ್ಕೆ ಐದು, ಬೇರೆ ಮಾತಿಲ್ಲ.

ಸ್ಟೆಲೇರಿಯಂ ವೆಬ್ ಅನ್ನು ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಹೇಳುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಆಕಾಶವೇ ಕಾಣುವುದಿಲ್ಲವಲ್ಲ. ಊರು ಬೀದರ್ ಅಂತ ಆರಿಸಿ, ಹೊತ್ತು ರಾತ್ರಿ ಎಂಟು ಅಂತ ಇಟ್ಟರೆ ನಮ್ಮ ತಲೆ ಮೇಲಿನ ಆಕಾಶ ಪರದೆಗೆ ಬರುತ್ತದೆ. ಮಹಾವ್ಯಾಧ, ಕೃತ್ತಿಕೆ ಗುರುತಿಸಿಕೊಂಡು ಹೋಗಿ ಮಾಳಿಗೆ ಮೇಲೆ ಹುಡುಕುತ್ತಾರೆ. ರಾತ್ರಿ ಕರೆಂಟ್ ಹೋದರೆ ಇದೊಂದಕ್ಕೆ ಲಾಭವೇ.

ಪಟ್ಟಿಯಿಂದ ಕಿತ್ತುಹಾಕಿದವುಗಳ ಹೆಸರು ಹೇಳುವುದಿಲ್ಲ, ಲಕ್ಷಣ ಹೇಳುತ್ತೇನೆ. ಒಂದು ಕ್ವಿಜ್ ಸೈಟ್ ಮೊದಲು ಪುಕ್ಕಟೆ ಇತ್ತು, ಆಮೇಲೆ ಪ್ರತಿ ಪ್ರಶ್ನೆಯ ನಡುವೆ ಜಾಹೀರಾತು ಹಾಕಿತು. ಇನ್ನೊಂದು ಅಪ್ಪ-ಅಮ್ಮನ ಫೋನ್ ನಂಬರ್ ಕೇಳುತ್ತಿತ್ತು. ಕೊಟ್ಟ ಮನೆಗಳಿಗೆ ಕೋರ್ಸ್ ತಗೊಳ್ಳಿ ಅಂತ ದಿನಾ ಕರೆ. ಒಬ್ಬರ ತಾಯಿ ಶಾಲೆಗೇ ಬಂದು "ಏನ್ರಿ ಮೇಡಂ, ಯಾರಿಗೆ ಕೊಟ್ರಿ ನಮ್ಮ ನಂಬರ?" ಅಂತ ಕೇಳಿದರು. ಅವತ್ತಿನಿಂದ ಮಗುವಿನ ಹೆಸರು, ಫೋಟೊ, ಮನೆಯ ನಂಬರ್ ಕೇಳುವ ಯಾವ ಸೈಟಿಗೂ ನಮ್ಮ ಬೋರ್ಡಿನಲ್ಲಿ ಜಾಗ ಇಲ್ಲ, ಎಷ್ಟೇ ಚೆಂದ ಇದ್ದರೂ.

ಮನೆಯಲ್ಲಿ ಫೋನಿನಿಂದ ನೋಡುವವರಿಗೆ: ಸ್ಟೋರಿವೀವರ್ ಮತ್ತು ಅಲರ್ ಚಿಕ್ಕ ಪರದೆಯಲ್ಲೂ ಸರಿಯಾಗಿ ಬರುತ್ತವೆ. ಫೆಟ್‌ಗೆ ದೊಡ್ಡ ಪರದೆ ಇದ್ದರೆ ಒಳ್ಳೆಯದು, ಬೆರಳಲ್ಲಿ ತಂತಿ ಜೋಡಿಸುವುದು ಕಷ್ಟ. ಡೇಟಾ ಉಳಿಸಬೇಕಾದರೆ ಶನಿವಾರ ಶಾಲೆ ಬಿಟ್ಟ ಮೇಲೆ ಪೆನ್‌ಡ್ರೈವ್ ತಂದುಕೊಡಿ, ಕಥೆಗಳ ಪಿಡಿಎಫ್ ಹಾಕಿಕೊಡುತ್ತೇನೆ. ಬೇರೆ ಶಾಲೆಯ ಲೈಬ್ರರಿಯವರು ಬಂದರೂ ಸರಿ, ಮರಾಠಿ ಮತ್ತು ಉರ್ದು ಕಥೆಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ.